ಮೆಟ್ಟಿಲಿನ ಶಾಟ್

ಸಿಡ್ನಿ, ಫೆಬ್ರವರಿ 13. ಬೆಳಿಗ್ಗೆ 5.40

ಮತ್ತೆ ಅದೇ ಹಸಿರು ಸೀರೆ, ಅದೇ ನರೆಗೂದಲಿನ ವಿಗ್. ಮೇಕಪ್ ಕುರ್ಚಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಶೂಟಿಂಗಿನ ಹದಿನೇಳನೆಯ ದಿನ. ಟಿವಿಯಲ್ಲಿ ನರ್ಸ್, ಅಂಗಡಿಯಾಕೆ, ಯಾರದೋ ಅತ್ತೆ. ಮೆಲ್ಬರ್ನ್‌ನ ರೇಡಿಯೋ ನಾಟಕಗಳಲ್ಲಿ ಬರೀ ದನಿ. ಇಪ್ಪತ್ತೆರಡು ವರ್ಷ ಹೀಗೇ. ಈಗ ಮೊದಲ ಸಲ ಒಂದು ಸಿನಿಮಾದ ಕಥೆ ನನ್ನ ಸುತ್ತ ಇದೆ. ಐವತ್ತೊಂದನೆಯ ವಯಸ್ಸಿಗೆ ಬಂತು. ಬಂತಲ್ಲ.

ಮಾಧುರಿ ಕಾಫಿ ತಂದುಕೊಟ್ಟಳು. ನನ್ನ ಸ್ಟ್ಯಾಂಡ್-ಇನ್. ನನ್ನಷ್ಟೇ ಎತ್ತರ, ನನ್ನದೇ ಬಣ್ಣ. ಲೈಟ್ ಹೊಂದಿಸುವಾಗ ನನ್ನ ಜಾಗದಲ್ಲಿ ನಿಲ್ಲುವುದು ಅವಳ ಕೆಲಸ. ಊರು ಮಂಡ್ಯ, ಈಗ ಮನೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್. ಉಳಿದ ದಿನ ಚೈಲ್ಡ್‌ಕೇರ್‌ನಲ್ಲಿ ಕೆಲಸ.

"ವಾಸಂತಿ ಅಕ್ಕ, ಇವತ್ತು ಬೀಳೋ ಸೀನ್ ಅಲ್ವಾ? ಹುಷಾರು" ಅಂದಳು.

ಅದೇ ದಿನ, ಸಂಜೆ 7

ಆದದ್ದನ್ನು ಆದಂತೆ ಬರೆಯಬೇಕು.

ಮರದ ಮೆಟ್ಟಿಲು. ಮೇಲೆ ನೀರು ಸುರಿದಿದ್ದರು. ಪೆಟ್ಟಾಗದಿರಲಿ ಅಂತ ಕೆಳಗೆ ಹಾಸಿದ್ದ ದಪ್ಪ ಮ್ಯಾಟ್ ಫ್ರೇಮ್‌ನಲ್ಲಿ ಕಾಣುತ್ತದೆ ಅಂತ ಡೈರೆಕ್ಟರ್ ಡೇಮಿಯನ್ ತೆಗೆಸಿದ. ಸ್ಟಂಟ್‌ನವರು ಬರುವುದು ನಾಳೆ. ಅವನಿಗೆ ಇವತ್ತೇ ಬೇಕು, ಬೆಳಕು ಹೋಗುತ್ತಿದೆ. ಮೇಲಿನ ಮೆಟ್ಟಿಲಿಗೆ ಕಾಲಿಟ್ಟು ನೋಡಿದೆ. ಜಾರಿತು. ಕಂಬಿ ಹಿಡಿದು ಉಳಿದೆ.

ಮೊಣಕಾಲು ನೋವು ಅಂದುಬಿಟ್ಟೆ. ನೋವೇನೂ ಇರಲಿಲ್ಲ.

"ಹಾಗಾದ್ರೆ ಮಾಧುರಿ ಮಾಡ್ಲಿ. ಬೆನ್ನಷ್ಟೇ ಕಾಣೋದು" ಅಂದ ಡೇಮಿಯನ್.

ಅವಳಿಗೆ ನನ್ನ ಸೀರೆ, ನನ್ನ ವಿಗ್. ನನ್ನ ಮುಂದೆಯೇ ಹತ್ತಿದಳು. ಜಾರುತ್ತದೆ ಅನ್ನಬೇಕಿತ್ತು. ಕನ್ನಡದಲ್ಲಿ ಅಂದಿದ್ದರೆ ಬೇರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅನ್ನಲಿಲ್ಲ.

ಹನ್ನೊಂದು ಮೆಟ್ಟಿಲು. ಅವಳು ಕೂಗುತ್ತಿದ್ದಾಗಲೂ ಕ್ಯಾಮೆರಾ ಓಡುತ್ತಲೇ ಇತ್ತು...

ಫೆಬ್ರವರಿ 16

ಸೊಂಟದ ಮೂಳೆ ಮುರಿದಿದೆ. ಬೆನ್ನೆಲುಬಿನಲ್ಲಿ ಎರಡು ಕಡೆ ಬಿರುಕು. ನಡೆಯುತ್ತಾಳೆ ಅನ್ನುತ್ತಾರೆ, ಯಾವಾಗ ಅನ್ನುವುದಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು. "ಸಾರಿ ಅಕ್ಕ. ನನ್ನಿಂದ ನಿಮ್ ಶೂಟಿಂಗ್ ನಿಂತೋಯ್ತು. ಸೀರೆ ಕಾಲಿಗೆ ಸಿಕ್ಕಾಕೊಂಡ್ತೇನೋ..."

ಹಾಗಲ್ಲ ಅನ್ನಲಿಲ್ಲ. ಕಿತ್ತಳೆ ಸುಲಿದು ಕೊಟ್ಟು ಬಂದೆ.

ಫೆಬ್ರವರಿ 20

ಸುರಕ್ಷತಾ ಇಲಾಖೆಯ ವಿಚಾರಣೆಗೆ ನನ್ನ ಹೇಳಿಕೆ ಬೇಕಂತೆ. ಪ್ರೊಡ್ಯೂಸರ್ ಹೆಲೆನ್ ಟೈಪ್ ಮಾಡಿಸಿಯೇ ತಂದಿದ್ದಳು. ಒಂದೇ ಪುಟ. ಅದರ ಪ್ರಕಾರ ಮ್ಯಾಟ್ ಇತ್ತು. ಮಾಧುರಿ ತಾನಾಗಿಯೇ ಮುಂದೆ ಬಂದಳು.

ಮುಂದಿನ ಟಿವಿ ಸೀರೀಸ್‌ನ ಮುಖ್ಯ ಪಾತ್ರಕ್ಕೂ ನಿನ್ನನ್ನೇ ಅಂದುಕೊಂಡಿದ್ದೇವೆ ಅಂದಳು ಹೆಲೆನ್. ಮೆತ್ತಗೆ, ಬೇರೇನೋ ವಿಷಯ ಹೇಳುವ ಹಾಗೆ.

ಸೈನ್ ಮಾಡಿದೆ.

ಮೆಲ್ಬರ್ನ್, ಏಪ್ರಿಲ್ 9

ಇಷ್ಟು ದಿನ ಪುಸ್ತಕ ತೆರೆಯಲಿಲ್ಲ. ಶೂಟಿಂಗ್ ಮುಗಿಯಿತು. ಗ್ಲೆನ್ ವೇವರ್ಲಿಯ ಮನೆಗೆ ಬಂದು ಮೂರು ವಾರ.

ಇವತ್ತು ಡಬ್ಬಿಂಗ್. ಪರದೆಯ ಮೇಲೆ ಮೆಟ್ಟಿಲು. ಆ ಶಾಟ್ ಉಳಿಸಿಕೊಂಡಿದ್ದಾರೆ! ಮಾಧುರಿಯ ಕೂಗು ತೆಗೆದು ನನ್ನದು ಹಾಕಬೇಕಂತೆ. ಅವಳು ಬಿದ್ದಳು, ನಾನು ಕೂಗಿದೆ. ಮತ್ತೆ ಬಿದ್ದಳು, ಮತ್ತೆ ಕೂಗಿದೆ. ಕೆಳಗೆ ಬರೀ ನೆಲ. ಮೂರನೆಯ ಟೇಕ್ ಚೆನ್ನಾಗಿದೆ ಅಂದರು. ಹೆಡ್‌ಫೋನ್ ಕಳಚಿಟ್ಟು ಹೊರಟೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಶಂಭುಲಿಂಗ ಟಿವಿ ಆರಿಸಿ ಕೇಳಿದರು. ಬೈಯಲಿಲ್ಲ.

"ನೀ ಖರೇ ಹೇಳಿದ್ರ ಕೆಲಸ ಹೋಗತೈತಿ, ಅದು ನನಗೂ ಗೊತ್ತೈತಿ. ಆದ್ರ ನೀ ಬಂದು ಮೂರು ವಾರಾತು, ಮನ್ಯಾಗ ನಿನ್ನ ದನೀನ ಇಲ್ಲ ನೋಡು."

ಏಪ್ರಿಲ್ 11

ನಿನ್ನೆ ಸುರಕ್ಷತಾ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿದೆ. ನನ್ನ ಹೇಳಿಕೆ ಸುಳ್ಳು ಅಂದೆ. ಆಕೆ ನನ್ನ ಹೆಸರು, ತಾರೀಖು ಮತ್ತೆ ಕೇಳಿ ಬರೆದುಕೊಂಡಳು. ಹೊಸ ಹೇಳಿಕೆಯಿಂದ ನಿಮಗೂ ತೊಂದರೆ ಆಗಬಹುದು, ಮೊದಲು ವಕೀಲರನ್ನು ನೋಡಿ ಅಂದಳು. ನೋಡಿದೆ. ಆಮೇಲೆ ಎಲ್ಲ ಬರೆದುಕೊಟ್ಟೆ — ಮೊಣಕಾಲಿನದನ್ನೂ. ಮೆಟ್ಟಿಲಿನ ಶಾಟ್ ತರಿಸಿ ನೋಡಿ, ಕೆಳಗೆ ಮ್ಯಾಟ್ ಇಲ್ಲ ಅಂದೆ.

ಏಪ್ರಿಲ್ 24

ಹೆಲೆನ್‌ಳಿಂದ ಎರಡು ಸಾಲಿನ ಮೇಲ್. ಸೀರೀಸ್‌ಗೆ ಬೇರೆಯವರನ್ನು ನೋಡುತ್ತಿದ್ದಾರಂತೆ. ವಿಚಾರಣೆ ಮುಗಿಯುವವರೆಗೆ ಸಿನಿಮಾದ ಬಿಡುಗಡೆಯೂ ಇಲ್ಲ. ಏಜೆಂಟ್ ಫೋನ್ ಎತ್ತುತ್ತಿಲ್ಲ. ರೇಡಿಯೋದವರು ಮಾತ್ರ ಕರೆದರು. ಒಬ್ಬ ಅಜ್ಜಿಯ ಪಾತ್ರ, ನಾಲ್ಕು ಮಾತು. ಒಪ್ಪಿಕೊಂಡೆ.

ಸಿಡ್ನಿ, ಮೇ 4. ಮಧ್ಯಾಹ್ನ 3

ವಿಮಾನ ನಿಲ್ದಾಣದಲ್ಲಿ ಕುಳಿತಿದ್ದೇನೆ. ಮಾಧುರಿಯ ಮನೆಗೆ ಹೋಗಿಬಂದೆ.

ವಾಕರ್ ಹಿಡಿದು ಅವಳೇ ಬಾಗಿಲು ತೆಗೆದಳು. ತೆಳ್ಳಗಾಗಿದ್ದಾಳೆ. "ಮ್ಯಾಟ್ ವಿಷಯ ನೀವೇ ಹೇಳಿದ್ರಂತೆ, ನನ್ ಲಾಯರ್ ಹೇಳಿದ್ರು. ಥ್ಯಾಂಕ್ಸ್ ಅಕ್ಕ. ನಂದೇ ತಪ್ಪು ಅನ್ಕೊಂಡಿದ್ದೆ ಇಷ್ಟು ದಿನ."

ಥ್ಯಾಂಕ್ಸ್ ಬೇಡ ಅಂದೆ. ಮೊದಲೇ ಕಾಲಿಟ್ಟು ನೋಡಿದ್ದು, ಜಾರಿದ್ದು, ಸುಳ್ಳು ಹೇಳಿ ತಪ್ಪಿಸಿಕೊಂಡದ್ದು — ಒಂದೇ ಉಸಿರಿಗೆ ಹೇಳಿದೆ.

ಅವಳು ಕಿಟಕಿಯವರೆಗೆ ನಡೆದು ಹೋದಳು. ಎಂಟು ಹೆಜ್ಜೆಗೆ ಎಷ್ಟು ಹೊತ್ತು!

"ನಾನು ಹತ್ತುವಾಗ ಒಂದ್ಸಲ ತಿರುಗಿ ನಿಮ್ಮನ್ನ ನೋಡ್ದೆ. ನೆನಪಿದ್ಯಾ?"

ಇದೆ ಅಂದೆ. ಅದನ್ನು ಇಲ್ಲಿ ಬರೆದಿರಲಿಲ್ಲ.

"ನೀವು ನಕ್ರಿ ಅಕ್ಕ. ಏನೂ ಆಗಲ್ಲ, ಹೋಗು ಅನ್ನೋ ಥರ. ಅದು ಆ್ಯಕ್ಟಿಂಗಾ?"

ಬ್ಯಾಗ್ ತೆಗೆದುಕೊಂಡು ಹೊರಟುಬಂದೆ. ಅವಳೂ ತಡೆಯಲಿಲ್ಲ. ಇಲ್ಲಿಯಾದರೂ ಬರೆಯಬೇಕು, ಯಾರೂ ಓದುವುದಿಲ್ಲವಲ್ಲ. ಅವತ್ತು ನಾನು ನಕ್ಕದ್ದು, ಅವಳು ಇಳಿದುಬಂದರೆ ಮತ್ತೆ ನಾನೇ ಹತ್ತಬೇಕಾಗುತ್ತದೆ ಅಂತ...