ಸುಕನ್ಯಾಳ ಕೊನೆಯ ಅಕಿಟಾ

ಫೆಬ್ರವರಿ 3, ಬೆಳಿಗ್ಗೆ

ಯೂಕಿಯನ್ನು ಬಾಚಿದೆ. ಒಳಕೂದಲು ಬಿಡುತ್ತಿದೆ. ಬೇಲಿಯ ಮೇಲಿಟ್ಟರೆ ಪಿಕಳಾರ ಹಕ್ಕಿ ಬಂದು ಗೂಡಿಗೆ ಒಯ್ಯುತ್ತದೆ. ಜಪಾನಿನ ಬೆಟ್ಟದ ನಾಯಿಯ ಕೂದಲಲ್ಲಿ ನಮ್ಮೂರು ಮುಳ್ಳನ್‌ಕೊಲ್ಲಿಯ ಹಕ್ಕಿಯ ಮೊಟ್ಟೆ. ಸುಕನ್ಯಾ ಬದುಕಿದ್ದಾಗ ಇದನ್ನು ಹೇಳಿ ನಗುತ್ತಿದ್ದಳು.

ಅಕಿಟಾ ತಳಿ ಎಂದರೆ ಡಾಗ್ ಶೋ ಜಡ್ಜ್‌ಗಳೇ ಪುಸ್ತಕ ತಿರುವುತ್ತಿದ್ದ ಕಾಲ. ತರಿಸಿದಳು, ಬೆಳೆಸಿದಳು, ರಿಂಗಿಗೆ ಇಳಿಸಿದಳು. ನಾನು ಜೀಪು ಓಡಿಸಿದೆ. ಗಂಡನಾಗಿ ನನ್ನ ಪಾತ್ರ ಅಷ್ಟೇ. ಅಷ್ಟೇ ಎಂದು ಬರೆಯುವುದು ಸುಲಭ.

ಈಗ ಮೈಸೂರು, ಕೊಯಮತ್ತೂರಿನ ಎಷ್ಟೋ ಮನೆಗಳಲ್ಲಿ ಅವಳ ನಾಯಿಗಳ ರಕ್ತ. ಈ ಅಂಗಳದಲ್ಲಿ ಯೂಕಿ ಒಬ್ಬಳೇ. ನಿನ್ನೆಯಿಂದ ಹೀಟ್, ಬೆದೆಗೆ ಬಂದಿದ್ದಾಳೆ. ವಯಸ್ಸು ನೋಡಿದರೆ ಇದೇ ಕೊನೆಯದು.

ಫೆಬ್ರವರಿ 5

ಶಾಂತರಾಜುಗೆ ಫೋನ್ ಮಾಡಿದೆ. ರಿಂಗಿನಲ್ಲಿ ನಾಯಿ ನಡೆಸುವುದನ್ನು ಸುಕನ್ಯಾಳಿಂದ ಕಲಿತವನು. ಅವನ ಹತ್ತಿರ ಒಳ್ಳೆಯ ಗಂಡು ಅಕಿಟಾ ಇದೆ.

"ಕೇಳ್ಬೇಕಾ ಸಾರ್. ಮೇಡಂ ಮನೇಲಿ ಮರಿ ಇಲ್ದೆ ಹೆಂಗೆ. ತರ್ತೀನಿ."

ಬೇಡ ಎನ್ನಲಿ ಎಂದುಕೊಂಡಿದ್ದೆನೇ? ಗೊತ್ತಿಲ್ಲ.

ಫೆಬ್ರವರಿ 12

ಬೆಳಿಗ್ಗೆ ವೆಳ್ಳಚ್ಚಿ ಬಾಗಿಲಲ್ಲೇ ನಿಂತಳು. ಸುಕನ್ಯಾಳ ಕಾಲದಿಂದ ನಾಯಿಗಳಿಗೆ ಬೇಯಿಸುವವಳು.

"ಕಲ್ಯಾಣ ನಾಯಿಗಲ್ವಾ ಸಾರೇ? ನೀವ್ಯಾಕೆ ಶೇವ್ ಮಾಡಿದ್ದು?"

ಗಲ್ಲ ಒರೆಸಿಕೊಂಡು ಅಂಗಳಕ್ಕೆ ಇಳಿದೆ.

ಹನ್ನೊಂದಕ್ಕೆ ವ್ಯಾನ್ ಬಂತು. ಗಂಡು ಚೆನ್ನಾಗಿದೆ — ಅಗಲ ತಲೆ, ಚಿಕ್ಕ ಕಿವಿ. ಯೂಕಿ ಮೂಸಿದಳು. ಕುಳಿತಳು. ಎಬ್ಬಿಸಿದೆವು. ಮತ್ತೆ ಕುಳಿತಳು. ಮೂರನೆಯ ಸಲ ಹಲ್ಲು ತೋರಿಸಿದಳು.

ಶಾಂತರಾಜು ಚೀಲದಿಂದ ಬಟ್ಟೆಯ ಪಟ್ಟಿ ತೆಗೆದ. "ಬಾಯಿ ಕಟ್ಟೋಣ. ತಲೆ ನೀವು ಹಿಡ್ಕೊಳ್ಳಿ. ಎಲ್ಲಾರೂ ಹಂಗೇ ಮಾಡೋದು."

"ಅಮ್ಮ ಹಿಡಿಯಕ್ಕೆ ಬಿಡ್ತಿರ್ಲಿಲ್ಲ. ಕೂತ್ರೆ ಕೂತ್ಲು, ಅಷ್ಟೇ ಅಂತಿದ್ರು," ಎಂದಳು ವೆಳ್ಳಚ್ಚಿ.

"ಮೇಡಂ ಇದ್ದಾಗ ಇನ್ನೂ ನಾಕು ಹೆಣ್ಣಿದ್ವು, ಅಕ್ಕಾ."

ಅವನು ಕಟ್ಟಿದ. ನಾನು ಹಿಡಿದೆ.

ದಪ್ಪ ಕತ್ತು. ಬಿಸಿ. ಮರಿ ಕಣ್ಣು ಬಿಟ್ಟ ದಿನ ಸುಕನ್ಯಾ ಅದನ್ನು ಗಲ್ಲಕ್ಕೆ ಒತ್ತಿಕೊಂಡು, ಮೊದಲು ನನ್ನ ಕಡೆ ತಿರುಗಿ, "ನೋಡು" ಎನ್ನುತ್ತಿದ್ದಳು. ಬೇರೆ ಯಾವ ಮಾತಿಗೂ ಹಾಗೆ ತಿರುಗಿದವಳಲ್ಲ. ನನಗೆ ಬೇಕಾಗಿದ್ದು ಆ ತಿರುಗುವಿಕೆ. ಅದಕ್ಕಾಗಿ ಈ ಪ್ರಾಣಿಯ ಬಾಯಿ ಕಟ್ಟಿದ್ದೇವೆ...

ಯೂಕಿ ನಡುಗುತ್ತಿದ್ದಳು. ಗುರುಗುಟ್ಟಲಿಲ್ಲ. ನನ್ನನ್ನೂ ನೋಡಲಿಲ್ಲ.

"ಮದಿ ಸಾರೇ, ಸಾಕು," ವೆಳ್ಳಚ್ಚಿ ಮೆಲ್ಲಗೆ.

ಕೈ ಬಿಟ್ಟೆ. ಪಟ್ಟಿ ಬಿಚ್ಚಿದೆ.

ಶಾಂತರಾಜು ಗಂಡನ್ನು ವ್ಯಾನಿಗೆ ಹತ್ತಿಸಿದ. ಚಹಾ ಕುಡಿದ. ಹೊರಡುವಾಗ — "ಹಂಗಾದ್ರೆ ಇಲ್ಲಿಗೆ ಮುಗೀತು, ಸಾರ್."

"ಮುಗೀತು."

ಫೆಬ್ರವರಿ 27, ಸಂಜೆ

ಹೀಟ್ ಮುಗಿದಿದೆ. ಯೂಕಿ ಅನ್ನ ಸರಿಯಾಗಿ ತಿನ್ನುತ್ತಿದ್ದಾಳೆ.

ಮೆಣಸು ಒಣಗಿದೆ, ಚೀಲ ಸಾಲದು. "ಮರಿ ಹಾಕೋ ಪೆಟ್ಟಿಗೆ ಖಾಲಿ ಉಂಟಲ್ಲ. ತುಂಬ್ಲಾ?" ಕೇಳಿದಳು ವೆಳ್ಳಚ್ಚಿ.

ತುಂಬು ಎಂದೆ. ಇಬ್ಬರೂ ಜಗಲಿಗೆ ಎಳೆದು ತಂದೆವು. ಹಲಗೆಯ ತುಂಬ ತಾಯಂದಿರ ಉಗುರಿನ ಗೀರು. ಒಂದು ಮೂಲೆ ಮಾತ್ರ ನುಣುಪು. ಸುಕನ್ಯಾ ರಾತ್ರಿಯಿಡೀ ತೋಳೂರಿ ಕೂರುತ್ತಿದ್ದ ಕಡೆ. ಅಲ್ಲಿ ತೋಳು ಇಟ್ಟೆ. ನನ್ನ ತೋಳಿಗೆ ಸ್ವಲ್ಪ ತಗ್ಗು.

ವೆಳ್ಳಚ್ಚಿ ಮೆಣಸಿನ ಮೊರ ಎತ್ತಿ ನಿಂತಿದ್ದಳು. "ಸುರೀಲಾ ಸಾರೇ?"

ಇರು ಎಂದೆ. ಮೊರ ಕೆಳಗಿಟ್ಟು ಮನೆಗೆ ಹೋದಳು. ಪೆಟ್ಟಿಗೆ ಇನ್ನೂ ಜಗಲಿಯಲ್ಲೇ ಇದೆ. ನಾಳೆ ಬೆಳಿಗ್ಗೆ ನಾನೇ ಸುರಿಯುತ್ತೇನೆ.