ಗೆರೆ ಮುಟ್ಟಿದ ಚೆಂಡು

ಪ್ರೀತಿಯ ಮಾಮನಿಗೆ,

ನಾವಿಬ್ಬರೂ ಮಾತಾಡಿದ್ದೆಲ್ಲ ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ನನಗೆ ಬರುವುದು ಕನ್ನಡ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ನೀವು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನದಲ್ಲಿ ನಿಮಗೆ ಹೇಳಲೇಬೇಕಾದದ್ದು ಇದೊಂದೇ, ಅದೂ ಇಂಥದ್ದು.

ಅತ್ತಾವರದ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಿದೆಯಾ? ನಮ್ಮ ಮಂಗಳೂರಿಗೆ ವೃತ್ತಿಪರ ಟೆನಿಸ್ ಟೂರ್ನಿ ಬರುತ್ತದೆ, ಗಂಡಸರಿಗೂ ಹೆಂಗಸರಿಗೂ, ಮಣ್ಣಿನ ಅಂಕಣದಲ್ಲಿ ಎಂದು ನಾನು ಹೇಳಿದೆ. ನೀವು ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕ್ ಸರಿಸಿ ಕೇಳಿದ್ದು, "ಮಣ್ಣು ಎಲ್ಲಿಂದ ತರ್ತಾರಂತೆ?" ನಿಮಗೆ ಅದೇ ಚಿಂತೆ. ಕೆಡವಿದ ಮನೆಗಳ ಹೆಂಚು ಹೊತ್ತು ತಂದು, ಪುಡಿ ಮಾಡಿ, ಜರಡಿ ಹಿಡಿದು, ಸುರತ್ಕಲ್ಲಿನ ಮನೆಯ ಹಿಂದೆ ನನಗೊಂದು ಕೋರ್ಟು ಮಾಡಿದವರಲ್ಲವೇ ನೀವು? ಪ್ರತಿ ಮಳೆಗಾಲ ಅದನ್ನು ತೊಳೆದುಕೊಂಡು ಹೋಗುತ್ತಿತ್ತು, ಪ್ರತಿ ದೀಪಾವಳಿಗೆ ನೀವು ಮತ್ತೆ ಹಾಸುತ್ತಿದ್ದಿರಿ. ಅಂದು ನಿಮ್ಮ ಕೈ ಹಿಡಿದು, ನಮ್ಮ ಊರಿನಲ್ಲಿ ಮುಖ್ಯ ಸುತ್ತು ಆಡಿಯೇ ಆಡುತ್ತೇನೆ ಎಂದೆ. ನೀವು ಕೇಳಿರಲಿಲ್ಲ, ನಾನಾಗಿಯೇ ಕೊಟ್ಟ ಮಾತು. ಅದಾಗಿ ನಾಲ್ಕೇ ದಿನಕ್ಕೆ ನೀವು…

ಶುಕ್ರವಾರ ಹೆಸರು ಬರೆಸಲು ಹೋದಾಗ ಮೇಜಿನ ಹಿಂದಿದ್ದ ಹುಡುಗಿ ನನ್ನನ್ನು ನೋಡಿ, ನೀವು ಯಾರ ಕೋಚ್ ಎಂದು ಕೇಳಿದಳು. ಆಟ ಆಡಲಿಕ್ಕೆ ಬಂದವಳು ಎಂದೆ. ಇಪ್ಪತ್ತೊಂಬತ್ತು ಅಷ್ಟೊಂದು ವಯಸ್ಸಾ ಮಾಮ? ಭುಜಕ್ಕೆ ಎರಡು ಸಲ ಇಂಜೆಕ್ಷನ್ ಆಗಿದೆ. ನೀವಿಲ್ಲದ ಮೇಲೆ ಎಲ್ಲಿ ಹೋದರೂ ಮೊದಲ ಪಂದ್ಯದಲ್ಲೇ ಸೋಲು. ರ‍್ಯಾಂಕಿಂಗ್ ಇಳಿದು, ಸ್ವಂತ ಊರಿನಲ್ಲೇ ಅರ್ಹತಾ ಸುತ್ತಿನಿಂದ ಆಡಬೇಕಾಯಿತು. ಇದು ತಪ್ಪಿದರೆ ಇನ್ನಿಲ್ಲ ಎಂದು ನನಗೆ ಗೊತ್ತಿತ್ತು.

ಶನಿವಾರ ಹೇಗೋ ಗೆದ್ದೆ. ಭಾನುವಾರ ಕೊನೆಯ ಅರ್ಹತಾ ಪಂದ್ಯ. ಎದುರಿಗೆ ಧಾರವಾಡದ ಸಹನಾ, ಹತ್ತೊಂಬತ್ತರ ಹುಡುಗಿ. ಮೊದಲ ಸೆಟ್ ನನಗೆ, ಎರಡನೆಯದು ಅವಳಿಗೆ. ಮೂರನೆಯದರ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಅದರಲ್ಲಿ ಅವಳು ಒಂಬತ್ತು, ನಾನು ಎಂಟು. ಇನ್ನೊಂದು ಪಾಯಿಂಟ್ ಬಂದರೆ ಅವಳು ಗೆದ್ದಂತೆ. ಅವಳು ಹೊಡೆದ ಚೆಂಡು ನನ್ನ ಎಡಗಡೆಯ ಮೂಲೆಗೆ ಬಿತ್ತು, ನನಗೆ ಮುಟ್ಟಲಾಗಲಿಲ್ಲ. ಅಂಪೈರ್ ಕುರ್ಚಿಯಿಂದಲೇ ಔಟ್ ಎಂದರು. ಚೆಂಡು ಬಿದ್ದ ಗುರುತು ನೋಡಿ ಸರ್ ಎಂದು ಸಹನಾ ಕೇಳಿದಳು. ಅವರು ಇಳಿದು ಬಂದರು. ಮಣ್ಣಿನ ಮೇಲೆ ಎರಡು ಗುರುತುಗಳಿದ್ದವು. ಒಂದು ಹಳೆಯದು, ಗೆರೆಯಿಂದ ನಾಲ್ಕು ಬೆರಳು ಆಚೆ. ಆಗಷ್ಟೇ ಬಿದ್ದದ್ದು ಗೆರೆಯನ್ನು ಮುಟ್ಟಿತ್ತು, ಪಾಯಿಂಟ್ ಅವಳದೇ. ಅವರು ಹಳೆಯದನ್ನು ತೋರಿಸಿ, "ಇದೇ ಅಲ್ವಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ನೆಟ್ಟಿನ ಆಚೆ ಸಹನಾ ನಿಂತು ನನ್ನನ್ನೇ ನೋಡುತ್ತಿದ್ದಳು. ಅಂಪೈರ್ ಹಿಂದೆ ತಿರುಗಿದ ಮೇಲೆ ನಾನು ಶೂವಿನಿಂದ ಎರಡೂ ಗುರುತುಗಳನ್ನು ಒರೆಸಿದೆ. ಒಂಬತ್ತಕ್ಕೆ ಒಂಬತ್ತಾಯಿತು. ಆಮೇಲೆ ಅವಳು ಎರಡು ಚೆಂಡು ನೆಟ್ಟಿಗೆ ಹೊಡೆದಳು, ಹನ್ನೊಂದು–ಒಂಬತ್ತಕ್ಕೆ ಪಂದ್ಯ ನನ್ನದಾಯಿತು. ಬೇಲಿಯ ಹೊರಗೆ ಅಮ್ಮ ನಿಂತಲ್ಲೇ ಅತ್ತರು. ಮನೆಗೆ ಬಂದವರೇ ಸಂಬಂಧಿಕರಿಗೆಲ್ಲ ಫೋನ್ ಮಾಡಿ, "ಅಣ್ಣ ಇರ್ಬೇಕಿತ್ತು" ಎಂದು ಒಬ್ಬೊಬ್ಬರಿಗೂ ಹೇಳಿದರು. ನೀವು ಇಲ್ಲದ್ದೇ ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿತು. ಎಂಥ ಯೋಚನೆ ಅದು? ನಿಮ್ಮ ಬಗ್ಗೆ ಹಾಗೆ ಯೋಚಿಸುವ ಹಾಗಾದೆನಲ್ಲ…

ನಿಮ್ಮ ಬೊಜ್ಜದ ದಿನ, ಉತ್ತರಕ್ರಿಯೆ ಮುಗಿಸಿ ಊಟಕ್ಕೆ ಕೂತಾಗ, ನಿಮ್ಮ ಜೊತೆ ಆಡುತ್ತಿದ್ದವರೊಬ್ಬರು ನನಗೊಂದು ಕತೆ ಹೇಳಿದ್ದರು. ಯಾವುದೋ ಫೈನಲ್‌ನಲ್ಲಿ ಅಂಪೈರ್ ನಿಮಗೆ ಕೊಟ್ಟ ಪಾಯಿಂಟನ್ನು ನೀವು ಬೇಡವೆಂದಿರಂತೆ. ಗೆರೆಯ ಹತ್ತಿರ ಹೋಗಿ, ರಾಕೆಟ್ಟಿನ ತುದಿಯಿಂದ ಗುರುತಿನ ಸುತ್ತ ವೃತ್ತ ಎಳೆದು ತೋರಿಸಿದಿರಂತೆ. ಆ ಪಂದ್ಯ ಸೋತಿರಂತೆ. "ಬೇಜಾರೇ ಇಲ್ಲ ಮಾರಾಯ್ತಿ ಆ ಮನುಷ್ಯನಿಗೆ. ಸೀದ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದ," ಎಂದು ಅವರು ನಕ್ಕರು. ನೀವು ಯಾಕೆ ನನಗೆ ಒಮ್ಮೆಯೂ ಇದನ್ನು ಹೇಳಲಿಲ್ಲ? ಹೇಳಿದ್ದರೆ ನಾನು… ಇಲ್ಲ ಮಾಮ, ಅದೂ ನೆಪ. ಭಾನುವಾರದ ಹೊತ್ತಿಗೆ ನನಗೆ ಗೊತ್ತಿತ್ತಲ್ಲ. ಗೊತ್ತಿದ್ದೂ ತಲೆಯಾಡಿಸಿದೆ. ನಿಮಗೆ ಕೊಟ್ಟ ಮಾತಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಮುಖ್ಯ ಸುತ್ತಿನ ಪಟ್ಟಿ ಅಂಟಿಸಿದ್ದರು. ಅದರಲ್ಲಿ ನನ್ನ ಹೆಸರು ನೋಡಿದೆ. ಸೀದಾ ರೆಫರಿಯ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಮುಗಿದ ಪಂದ್ಯದ ಫಲಿತಾಂಶ ಬದಲಾಯಿಸಲು ಬರುವುದಿಲ್ಲ ಎಂದು ಅವರು ಹೇಳಿದರು. ಹಾಗಾದರೆ ನಾನು ಹಿಂದೆ ಸರಿಯುತ್ತೇನೆ, ನನ್ನ ಜಾಗ ಸಹನಾಗೆ ಕೊಡಿ ಎಂದೆ. ಅದಕ್ಕೂ ನಿಯಮವಿದೆಯಂತೆ. ಕೊನೆಯ ಅರ್ಹತಾ ಪಂದ್ಯದಲ್ಲಿ ಸೋತವರ ಪೈಕಿ ರ‍್ಯಾಂಕಿಂಗ್ ಮೇಲಿರುವವರಿಗೇ ಆ ಜಾಗ. ಸಹನಾಳದು ಎಲ್ಲರಿಗಿಂತ ಕೆಳಗೆ. ಅವಳು ಆಗಲೇ ಊರಿಗೆ ಹೊರಟಿದ್ದಳು. ಆದರೂ ನಾನು ಸಹಿ ಹಾಕಿ ಹೆಸರು ತೆಗೆಸಿದೆ.

ಬಿಜೈ ಬಸ್ ಸ್ಟ್ಯಾಂಡಿಗೆ ಆಟೋದಲ್ಲಿ ಓಡಿದೆ. ಹುಬ್ಬಳ್ಳಿ ಬಸ್ಸಿನ ಪಕ್ಕ ಸಹನಾ ನಿಂತಿದ್ದಳು, ಅವಳ ತಾಯಿ ಬ್ಯಾಗುಗಳನ್ನು ಒಳಗೆ ಇಡುತ್ತಿದ್ದರು. ಬರುವಾಗ ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಚೆಂಡು ಗೆರೆ ಮುಟ್ಟಿತ್ತು. ನಾನು ನೋಡಿದ್ದೆ," ಎಂದಷ್ಟೇ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ ಮಾಮ. "ನಂಗ ಗೊತ್ತಿತ್ರಿ ಅಕ್ಕಾ," ಎಂದಳು. "ನೀವು ಹೇಳ್ತೀರಿ ಅಂತ ನಿಂತಿದ್ದೆ."

ಬೈದಿದ್ದರೆ, ಕೆನ್ನೆಗೆ ಎರಡು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸು ಎನ್ನುವಷ್ಟರಲ್ಲಿ ಅವಳ ತಾಯಿ ಅವಳ ತೋಳು ಹಿಡಿದು ಬಸ್ಸು ಹತ್ತಿಸಿದರು. ನನ್ನ ಕಡೆ ನೋಡಲೂ ಇಲ್ಲ. ಬಸ್ಸು ಹೋದ ಮೇಲೂ ಎಷ್ಟೋ ಹೊತ್ತು ನಾನು ಅಲ್ಲೇ ನಿಂತಿದ್ದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತವಳನ್ನು ಕಂಡಕ್ಟರ್ ಒಬ್ಬರು ಯಾವ ಊರಿಗೆ ಎಂದು ಕೇಳಿದರು.

ಇವತ್ತು ಮಂಗಳವಾರ, ಮುಖ್ಯ ಸುತ್ತು ನಡೆಯುತ್ತಿದೆ. ನನ್ನ ಜಾಗದಲ್ಲಿ ಪುಣೆಯವಳೊಬ್ಬಳು ಆಡುತ್ತಿದ್ದಾಳೆ. ಭುಜದ ನೋವೆಂದು ಹಿಂದೆ ಸರಿದೆ ಎಂದು ಅಮ್ಮನಿಗೆ ಹೇಳಿದ್ದೇನೆ, ಅದು ಎರಡನೆಯ ಸುಳ್ಳು. ಅವರು ಈಗ ಅಡುಗೆಮನೆಯಲ್ಲಿ ನನ್ನ ಭುಜಕ್ಕೆಂದು ಎಣ್ಣೆ ಬಿಸಿ ಮಾಡುತ್ತಿದ್ದಾರೆ. ಈ ಕಾಗದ ಮುಗಿಸಿದ ಕೂಡಲೇ ಹೋಗಿ ಅವರಿಗೆ ಎಲ್ಲ ಹೇಳುತ್ತೇನೆ. ಆಮೇಲೆ ಅವರ ಮುಖ ಹೇಗೆ ನೋಡುತ್ತೇನೋ, ರಾಕೆಟ್ ಇನ್ನು ಹಿಡಿಯುತ್ತೇನೋ ಇಲ್ಲವೋ, ಯಾವುದೂ ಗೊತ್ತಿಲ್ಲ.

ಸರಿಯಾದ ಸ್ಕೋರು ಇನ್ನು ಯಾವ ಕಾಗದದಲ್ಲೂ ಬರುವುದಿಲ್ಲ ಮಾಮ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ. ಮೂರನೆಯದು ಹತ್ತು–ಎಂಟು. ಸಹನಾ ಗೆದ್ದಳು.

ನಿಮ್ಮ
ವಿದ್ಯಾ