ಸಹಿ ಇಲ್ಲದ ಹಾಳಿ ನಾ ಇಡಂಗಿಲ್ಲ

ಸುರಪುರ
೧೪ ಜುಲೈ ೨೦೨೫, ಸೋಮವಾರ

ಮೊಮ್ಮಗಳು ಗುರುದೇವಿಗೆ,

ಆಶೀರ್ವಾದ ಆಮ್ಯಾಲ ಕೊಡ್ತೀನಿ, ಮೊದಲ ಬೈಗಳ ತಗೋ. ಹೈದರಾಬಾದಿನ್ಯಾಗ ಕುಂತು ನಿಮ್ಮಪ್ಪನ ಕೈಲೆ ಹೇಳಿ ಕಳಸ್ತಿ? ಆಯಿಗಿ ನೆಟ್ಟಗ ಕೇಳಾಕ ಬಾಯಿಗೇನ ಹೊಲಿಗಿ ಹಾಕ್ಯಾರೇನು? ಫೋನಿನ್ಯಾಗ ಬೈದ್ರ ಕಟ್ ಮಾಡ್ತಿ, ಅದಕ್ಕ ಬರಿಯಾಕತ್ತೇನಿ. ಕಾಗದದ ಬಾಯಿ ಮುಚ್ಚಾಕ ಬರಂಗಿಲ್ಲ. ಮೂರನೇ ಕ್ಲಾಸು ಕಲತಾಕಿ ನಾ, ತಪ್ಪಿದ್ರ ತಿದ್ದಿಕೊಂಡು ಓದು.

ನಿಮ್ಮಪ್ಪ ಬಸವಂತ್ರಾಯ ರವಿವಾರ ಯಾದಗಿರಿಯಿಂದ ಬಂದ. ಚಾ ಕುಡದು, ನನ್ನ ಟ್ರಂಕಿನ ಕಡಿ ನೋಡಿದ. ನೀವು ಅಚ್ಚ ಹಾಕೂ ಜಾಗಾದ ಮಾಳಿಗಿ ಸೋರಿ, ಇಟ್ಟಿದ್ದ ಚಿತ್ರದ ಹಾಳಿ ಎಲ್ಲಾ ತೊಯ್ದು ಹೋದುವಂತ. ಗಣೇಶನ ಹಬ್ಬಕ್ಕ ನಿಮ್ಮ ಪ್ರದರ್ಶನ ಅದಂತ. ನಿನ್ನ ದೋಸ್ತರ ಚಿತ್ರಾ ಕೆಡದಂಗ ಉಳದದ್ದು ಈ ಮುದುಕಿ ಟ್ರಂಕಿನ್ಯಾಗ ಅಷ್ಟ ಅಂತ. ಖರೇ ಹೇಳ್ತೀನಿ, ನಿಮ್ಮ ಲುಕ್ಸಾನಿಗಿ ಮರುಗೂದು ಬಿಟ್ಟು ನನ್ನ ಎದಿ ಉಬ್ಬಿತು.

ಮಗ್ಗಲಮನಿ ಲಾಲಮ್ಮ ನಗತಿದ್ದಳಲ್ಲ, ಮದುವಿ ಕಾರ್ಡೂ ಸ್ಕ್ರೀನ್ ಪ್ರಿಂಟಿನ್ಯಾಗ ಮಾಡ್ತಾರ, ಇವಕ್ಯಾಕ ಟ್ರಂಕು ಅಂತ. ಮದುವಿ ಕಾರ್ಡು ಕೇಳಿದಷ್ಟು ಹೊಡಿತಾರ, ಲಗ್ನಾದ ಮರುದಿನ ಅದರಾಗ ಚುರಮುರಿ ತಿಂತಾರ. ಇವಕ್ಕ ಬಣ್ಣಕ್ಕೊಂದು ಜರಡಿಯಂಥ ಬಟ್ಟಿ ಬಿಗದು, ಹಾಳಿ ಮ್ಯಾಲ ಬಣ್ಣಾ ಎಳೀತಾರ. ಮೂವತ್ತಂದ್ರ ಮೂವತ್ತ, ಆಮ್ಯಾಲ ಬಟ್ಟಿ ತೊಳದ ಬಿಡ್ತಾರ. ಸುರಪುರದ ರಾಜಾನ ಬಂದು ಕೇಳಿದ್ರೂ ಮೂವತ್ತೊಂದನೇದು ಇಲ್ಲ. ಕೆಳಗ ಪೆನ್ಸಿಲ್ಲಿಲೆ ಮೂವತ್ತರಾಗ ಎಷ್ಟನೇದಂತ ನಂಬರು, ಸಹಿ. ಹಿಂಗಂತ ಲಾಲಮ್ಮಗ ಹೇಳೀನಿ.

ನಾನೇನು ಇವನ್ನ ಕೊಂಡು ತಂದಾಕಿ ಅಲ್ಲ. ಗುಡ್ಡದ ಕಲ್ಲು ನೋಡಾಕಂತ ನೀ ದೋಸ್ತರನ ಕರಕೊಂಡು ಬಂದಾಗ, ಅವರು ಉಂಡು ಎದ್ದು ಕಿಸೆಕ್ಕ ಕೈ ಹಾಕಿದ್ರು. ಉಂಡ ಮನಿಗಿ ರೊಕ್ಕಾ ಕೊಡೂದು ಯಾವ ಊರ ಪದ್ಧತಿ ಅಂತ ಝಾಡಿಸಿದೆ. ನನ್ನ ಕೈಲೆ ಮಾಡಿದ್ದು ನೀವು ಉಂಡೀರಿ, ನಿಮ್ಮ ಕೈಲೆ ಮಾಡಿದ್ದು ಒಂದೊಂದು ಹಾಳಿ ಕಳಸ್ರಿ ಅಂದೆ. ನಕ್ಕೋತ ಹೋದ್ರು, ಖರೇನ ಕಳಿಸಿದ್ರು. ಆವತ್ತಿನಿಂದ ನಮ್ಮ ಮನಿಗಿ ಯಾವ ಚಿತ್ರಗಾರ ಬಂದ್ರೂ ಅದ ಕಾಯ್ದಿ. ನಿನ್ನ ದೋಸ್ತ ಸಂಜೀವಕುಮಾರ ಸಹಿ ಇಲ್ಲದ್ದು ಕಳಿಸಿದಾಗ ತಿರುಗಿ ಕಳಿಸಿ, ನಿನಗ ನಾ ಎಣ್ಣಿ ಇಲ್ಲದ ಪುಂಡಿಪಲ್ಯ ಬಡಿಸಿದ್ನೇನು ಅಂತ ಬರದೆ. ಸಹಿ ಹಾಕಿ, ತಪ್ಪಾತ್ರಿ ಆಯಿ ಅಂತ ಚೀಟಿನೂ ಇಟ್ಟು ಕಳಿಸ್ಯಾನ.

ಶಹಾಪುರದಾಗ ಫ್ರೇಮು ಕಟ್ಟೂ ಸುಲ್ತಾನಸಾಬ, ದೇವರ ಕ್ಯಾಲೆಂಡರಿಗಿ ಮಾಡಿದಂಗ ಸುತ್ತಲಿನ ಬಿಳಿ ಅಂಚು ಕತ್ತರಸಾಕ ಹೋದಾಗ ಅವನ ಮುಂಗೈ ಹಿಡದೆ. ಸಹಿ ಇರೂದ ಆ ಅಂಚಿನ್ಯಾಗ! ಈಗ ಯಾರರೆ ಚಿತ್ರಾ ತಂದ್ರ, ಕತ್ತರಿ ಹಚ್ಚೂಮುಂದ ಸುರಪುರದ ಅಮ್ಮನ ನೆನಪಾಗ್ತದ ಅಂತಾನಂತ.

ಈಗ ಕೊಡೂ ಮಾತು. ಕೊಡ್ತೀನಿ, ಖರೇ ಸುಮ್ಮಸುಮ್ಮನ ಅಲ್ಲ. ಚಿತ್ರದ ಬಾಜೂಕ ಖಾಸಗಿ ಸಂಗ್ರಹ ಅಂತ ಚೀಟಿ ಹಚ್ತೀರಂತ. ಖಾಸಗಿ ಅಂದ್ರ ಯಾರವ್ವಾ ಆಕಿ? ರೊಟ್ಟಿ ಬಡದಾಕಿ ನಾನು. ಮಲ್ಲಾಬಾಯಿ, ಸುರಪುರ ಅಂತ ದಪ್ಪ ಅಕ್ಷರದಾಗ ಬರೀರಿ.

ಮತ್ತ, ದೋಸ್ತರ ಚಿತ್ರಾ ಎಲ್ಲಾ ಕೇಳೀದಿ, ನಿಂದೊಂದೂ ಯಾಕ ಇಡಂಗಿಲ್ಲ? ಆಕಿ ಮಂದಿ ಚಿತ್ರಾ ಅಷ್ಟ ಅಚ್ಚ ಹಾಕಿ ಕೊಡ್ತಾಳ, ತನ್ನದು ಬಿಟ್ಟಾಳ ಅಂದ ನಿಮ್ಮಪ್ಪ. ಯಾಕ ಬಿಟ್ಟಿ ಅಂತ ನನಗ ಗೊತ್ತದ. ಆ ಬ್ಯಾಸಿಗ್ಯಾಗ ಇದ ಪಡಸಾಲ್ಯಾಗ ಕುಂತು ರೊಟ್ಟಿ ಬಡಿಯೂ ನನ್ನ ಕೈ ಅಚ್ಚ ಹಾಕಿದಿ. ಕೈ ಚಂದ ಬಂತು. ಹಸರ ಬಣ್ಣಾ ಎಳಿಯೂಮುಂದ ಬಟ್ಟಿ ಸರದು, ಹಸರ ಬಳಿ ಮುಂಗೈ ಬಿಟ್ಟು ಬಾಜೂಕ ಬಿದ್ದುವು. ಇದ್ದ ಹಾಳಿ ಎಲ್ಲಾ ಮುದ್ದಿ ಮಾಡಿ ನೀರೊಲಿಗಿ ಹಾಕಿ ಅತ್ತಿ. ಆಮ್ಯಾಲ ನಿಂದಂತ ಒಂದೂ ಮಾಡಿಲ್ಲ.

ಒಂದು ಹಾಳಿ ಉರೀಲಿಲ್ಲ ಮಗಳ. ನೀ ಅತ್ತ ಹ್ವಾದ ಕೂಡಲೇ ಎಳದು ತಗದು, ಬಿಸಿ ತಂಬಿಗಿ ಆಡಿಸಿ ನೆಟ್ಟಗ ಮಾಡಿಟ್ಟೀನಿ. ಪ್ರದರ್ಶನದಾಗ ಮೊದಲನೇ ಗ್ವಾಡಿಗಿ ಅದ ಇರಬೇಕು. ಒಲ್ಲೆ ಅಂದ್ರ ಟ್ರಂಕಿನ ಕೀಲಿ ನನ್ನ ಸೊಂಟದಾಗ ಅದ, ಸೊಂಟ ಇನ್ನಾ ಗಟ್ಟಿ ಅದ.

ಬೈಗಳ ಮುಗೀತು. ಈಗ ಆಶೀರ್ವಾದ ತಗೋ, ಹೊಟ್ಟಿ ತುಂಬ ಉಣ್ಣು.

ನಿನ್ನ ಆಯಿ
ಮಲ್ಲಾಬಾಯಿ

ತಾ.ಕ.: ಬಳಿ ಸರದಾವ ಅಂತ ಅತ್ತಿಯಲ್ಲ ಹುಚ್ಚಿ, ನಿನ್ನ ಮುತ್ಯಾ ಹೋದ ಮ್ಯಾಲ ನನ್ನ ಹಸರ ಬಳಿ ಒಲಿ ಬಾಜೂಕಿನ ಮಾಡದಾಗ ಅವ. ರೊಟ್ಟಿ ಬಡಿಯೂಮುಂದ ದಿನಾ ಕಣ್ಣಿಗಿ ಬೀಳ್ತಾವ, ಕೈಗಿ ಏರಂಗಿಲ್ಲ. ಚಿತ್ರದಾಗ ನೀ ತೊಡಸಾಕ ಹೋದಿ, ಅಚ್ಚು ಇದ್ದದ್ದು ಇದ್ದಂಗ ತೋರಸ್ತು. ಉಳದದ್ದು ಒಂದ ಹಾಳಿ, ಅದಕ್ಕ ಒಂದರಾಗ ಒಂದು ಅಂತ ನಂಬರು ನಾನ ಬರದೀನಿ. ಸಹಿ ಜಾಗಾ ಖಾಲಿ ಅದ. ಸಂಜೀವಕುಮಾರಂದು ತಿರುಗಿ ಕಳಿಸಿದಾಕಿ, ನಿಂದು ಸಹಿ ಇಲ್ಲದ್ದು ಇಷ್ಟು ವರ್ಷ ಇಟಗೊಂಡೀನಿ. ಅವಗ ಹೇಳಬ್ಯಾಡ, ನನ್ನ ಮರ್ಯಾದಿ ಹೋಗ್ತದ. ಎಂದು ಬಂದು ಸಹಿ ಹಾಕ್ತಿ, ಶ್ರಾವಣ ಹತ್ತೂದರೊಳಗ ಬರದು ತಿಳಸು.